ಮಹದಿಯಾದ ಕಾಗದ, ಬಾರಕೂರಿನ ಕಲ್ಲು

ಟುನೀಸಿಯಾ ದೇಶದ ಪೂರ್ವ ಕರಾವಳಿಯಲ್ಲಿ, ಮೆಡಿಟರೇನಿಯನ್ ಸಮುದ್ರದೊಳಕ್ಕೆ ನಾಲಗೆಯಂತೆ ಚಾಚಿಕೊಂಡ ಕಿರಿದಾದ ಭೂಶಿರದ ಮೇಲೆ ಮಹದಿಯಾ ಎಂಬ ಪಟ್ಟಣವಿದೆ. ಹತ್ತನೆಯ ಶತಮಾನದ ಆರಂಭದಲ್ಲಿ ಫಾತಿಮೀ ವಂಶದ ಮೊದಲನೆಯ ಖಲೀಫ ಅಲ್-ಮಹದಿಯು ಅದನ್ನು ತನ್ನ ರಾಜಧಾನಿಯಾಗಿ ಕಟ್ಟಿಸಿದನು. ಇಂದು ಅಲ್ಲಿಗೆ ಹೋಗುವ ಯಾತ್ರಿಕನು ಬಂಡೆಯನ್ನು ಕಡಿದು ಮಾಡಿದ ಹಳೆಯ ಬಂದರಿನ ಕೊಳವನ್ನೂ, ಕಡಲಂಚಿನ ಸ್ಮಶಾನವನ್ನೂ, ದೊಡ್ಡ ಮಸೀದಿಯನ್ನೂ, ತುರ್ಕರ ಕಾಲದ ಕೋಟೆಯನ್ನೂ ನೋಡುತ್ತಾನೆ. ಹಳೆಯ ಊರಿನೊಳಗೆ ಹೋಗಬೇಕಾದರೆ ಒಂದು ದೊಡ್ಡ ಹೆಬ್ಬಾಗಿಲಿನ ಕೆಳಗಿನ ಉದ್ದನೆಯ ಕಮಾನು ಓಣಿಯನ್ನು ದಾಟಬೇಕು. ಅದರ ಹೆಸರು ಸ್ಕೀಫಾ ಅಲ್-ಕಹ್ಲಾ, ಎಂದರೆ ಕತ್ತಲೆಯ ಮೊಗಸಾಲೆ. ಇದೇ ಊರಿನ ಮುಂದಿನ ಕಡಲಿನಲ್ಲಿ 1907ರಲ್ಲಿ, ಸ್ಪಂಜು ಆಯುವ ಮುಳುಗುಗಾರರಿಗೆ ಕ್ರಿಸ್ತಪೂರ್ವ ಒಂದನೆಯ ಶತಮಾನದ ಒಂದು ಹಡಗು ಸಿಕ್ಕಿತು. ಗ್ರೀಸಿನ ಅಮೃತಶಿಲೆಯ ಕಂಬಗಳನ್ನೂ ಕಂಚಿನ ಪ್ರತಿಮೆಗಳನ್ನೂ ಹೊತ್ತು ಮುಳುಗಿದ್ದ ಆ ಹಡಗಿನ ಸರಕು ಈಗ ಟ್ಯೂನಿಸ್ ನಗರದ ಬಾರ್ದೋ ವಸ್ತುಸಂಗ್ರಹಾಲಯದಲ್ಲಿದೆ.

ಇಂಥ ದೂರದ ಊರಿಗೂ ನೇತ್ರಾವತಿಯ ದಂಡೆಯ ನಮಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ, ಅದು ಊಹೆಯದಲ್ಲ, ದಾಖಲೆಯದು. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಮಹದಿಯಾದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಏಡನ್ ಮಾರ್ಗವಾಗಿ ನಮ್ಮ ಮಂಗಳೂರಿಗೆ ಬಂದನು. 1132ರ ಅಕ್ಟೋಬರ್ ತಿಂಗಳಲ್ಲಿ ಅವನು ಮಂಗಳೂರಿನಲ್ಲಿದ್ದುಕೊಂಡು ಆಶು ಎಂಬ ದಾಸಿಗೆ ದಾಸ್ಯದಿಂದ ಬಿಡುಗಡೆ ಕೊಟ್ಟ ಪತ್ರವು ಉಳಿದು ಬಂದಿದೆ. ಆಕೆಯೇ ಅವನ ಹೆಂಡತಿ, ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ತಿಳಿಯುತ್ತಾರೆ. 1149ರಲ್ಲಿ ಏಡನ್ನಿಗೆ ಹಿಂದಿರುಗುವವರೆಗೆ, ಎಂದರೆ ಹೆಚ್ಚುಕಡಮೆ ಹದಿನೇಳು ವರ್ಷ, ಅವನ ಬದುಕು ಬಹುಮಟ್ಟಿಗೆ ಈ ಕರಾವಳಿಯಲ್ಲಿಯೇ ನಡೆಯಿತು. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಇವನ್ನು ಅವನು ಏಡನ್ನಿಗೆ ಕಳುಹಿಸುತ್ತಿದ್ದನು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಒಡೆದ ಹಳೆಯ ಕಂಚಿನ ಪಾತ್ರೆಗಳೂ ಏಡನ್ನಿನಿಂದ ಬರುತ್ತಿದ್ದವು. ಅವನ್ನು ಇಲ್ಲಿಯ ಕುಶಲಿಗಳಿಂದ ಕರಗಿಸಿ ಹೊಸದಾಗಿ ಎರೆಸಿ ಕಳುಹಿಸುವ ಕಾರ್ಖಾನೆಯೊಂದನ್ನು ಅವನು ನಡೆಸುತ್ತಿದ್ದನು. 968ರಲ್ಲಿ ಅಳುಪ ದೊರೆ ಕುಂದವರ್ಮನು ಕದ್ರಿಯಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡಿದವರಿಗೆ, ಕಡಲಾಚೆಯವರು ಎರಕದ ಕೆಲಸಕ್ಕೆ ಮಂಗಳೂರನ್ನೇ ಏಕೆ ನೆಚ್ಚಿದರು ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬೆನ್ ಯಿಜುವಿನ ಪರವಾಗಿ ವ್ಯವಹಾರಕ್ಕೆಂದು ಏಡನ್ನಿಗೆ ಹೋಗಿಬರುತ್ತಿದ್ದ ತುಳುನಾಡಿನ ಒಬ್ಬ ಆಳಿನ ಉಲ್ಲೇಖವೂ ಈ ಪತ್ರಗಳಲ್ಲಿದೆ. ಅಮಿತಾವ್ ಘೋಷ್ ಅವರು ಆತನ ಜಾಡು ಹಿಡಿದು ಮಂಗಳೂರಿಗೆ ಬಂದು, ಇಲ್ಲಿಯ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರೊಡನೆ ಚರ್ಚಿಸಿ, ಆ ಹೆಸರು ‘ಬೊಮ್ಮ’ ಎಂದು ನಿರ್ಧರಿಸಿದರು. 1992ರಲ್ಲಿ ಪ್ರಕಟವಾದ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಎಂಬ ಗ್ರಂಥದಲ್ಲಿ ಆ ಕಥೆಯೆಲ್ಲವೂ ಇದೆ. ಅರಸನಲ್ಲದ, ಕವಿಯಲ್ಲದ, ದಾನಿಯೂ ಅಲ್ಲದ ಒಬ್ಬ ಸಾಮಾನ್ಯ ತುಳುವನು ಎಂಟುನೂರು ವರ್ಷಗಳ ಹಿಂದಿನಿಂದ ನಮ್ಮ ಕಡೆಗೆ ಮುಖ ತೋರಿಸುವುದು ಅಪರೂಪದ ಸಂಗತಿ. ನಮ್ಮ ಶಾಸನಗಳಲ್ಲಿ ಅಂಥವನಿಗೆ ಸ್ಥಳವಿಲ್ಲ.

ಇಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮಂಗಳೂರಿನಲ್ಲಿ ಬರೆದ, ಮಂಗಳೂರಿಗೆ ಬಂದ ಈ ಕಾಗದಗಳು ಮಂಗಳೂರಿನಲ್ಲಿ ಸಿಕ್ಕಲಿಲ್ಲ, ಮಹದಿಯಾದಲ್ಲಿಯೂ ಸಿಕ್ಕಲಿಲ್ಲ. ಅವು ಸಿಕ್ಕಿದ್ದು ಹಳೆಯ ಕೈರೋ ನಗರದ ಬೆನ್ ಎಜ್ರಾ ಸಿನಗಾಗಿನ ಒಂದು ಕೋಣೆಯಲ್ಲಿ. ದೇವರ ಹೆಸರಿರಬಹುದಾದ ಯಾವ ಬರಹವನ್ನೂ ಎಸೆಯಬಾರದೆಂಬುದು ಯೆಹೂದಿಗಳ ನಿಯಮ. ಆದುದರಿಂದ ಹರಿದ ಗ್ರಂಥದ ಜೊತೆಗೆ ಹಳೆಯ ಲೆಕ್ಕದ ಚೀಟಿ, ಮದುವೆಯ ಕರಾರು, ಸರಕಿನ ಪಟ್ಟಿ ಎಲ್ಲವನ್ನೂ ಆ ಕೋಣೆಗೆ ಹಾಕುತ್ತಿದ್ದರು. ಅದನ್ನು ಗೆನೀಜಾ ಎನ್ನುತ್ತಾರೆ. 1896–97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸನು ಅದರ ಬಹುಭಾಗವನ್ನು ಕೇಂಬ್ರಿಜಿಗೆ ಸಾಗಿಸಿದನು, ಎಸ್. ಡಿ. ಗೊಯಿಟೈನ್ ಮುಂತಾದವರು ಅದರೊಳಗಿನ ಹಿಂದೂ ಮಹಾಸಾಗರದ ವ್ಯಾಪಾರ ಪತ್ರಗಳನ್ನು ಓದಿ ಬೆಳಕಿಗೆ ತಂದರು. ಈ ಪತ್ರಗಳನ್ನು ಉಳಿಸಿದ್ದು ಇತಿಹಾಸಪ್ರಜ್ಞೆಯಲ್ಲ. ಎಸೆಯಬಾರದೆಂಬ ಒಂದು ಅಭ್ಯಾಸ ಉಳಿಸಿತು. ಇತಿಹಾಸವು ಅದರ ಫಲವಾಗಿ ದೊರೆಯಿತು.

ಇದು ಒಂದೇ ಉದಾಹರಣೆಯಲ್ಲ. ನಮ್ಮ ಕರಾವಳಿಯ ಪ್ರಾಚೀನತೆಗೆ ನಾವು ಎತ್ತಿ ತೋರಿಸುವ ಹೊರನಾಡಿನ ಸಾಕ್ಷ್ಯಗಳನ್ನೆಲ್ಲ ಒಮ್ಮೆ ಸಾಲಾಗಿ ಇಟ್ಟು ನೋಡಬೇಕು. ಒಂದನೆಯ ಶತಮಾನದಲ್ಲಿ ರೋಮಿನ ಪ್ಲಿನಿಯು ‘ನಿತ್ರಿಯಾಸ್’ ಎಂಬಲ್ಲಿಯ ಕಡಲ್ಗಳ್ಳರ ಭಯವನ್ನು ಹೇಳಿದ್ದಾನೆ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿಯು ‘ನಿತ್ರಾ’ ಎಂಬ ವ್ಯಾಪಾರಸ್ಥಳವನ್ನು ಹೆಸರಿಸಿದ್ದಾನೆ. ಈ ಹೆಸರುಗಳಲ್ಲಿ ನೇತ್ರಾವತಿಯ ದನಿಯನ್ನು ಕೇಳಿದ ವಿದ್ವಾಂಸರಿದ್ದಾರೆ. ಆರನೆಯ ಶತಮಾನದಲ್ಲಿ ಅದೇ ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಎಂಬ ವರ್ತಕ ಸನ್ಯಾಸಿಯು ಮೆಣಸನ್ನು ಸಾಗಿಸುವ ಐದು ರೇವುಗಳಲ್ಲಿ ‘ಮಂಗರೂತ್’ ಒಂದೆಂದು ಬರೆದಿದ್ದಾನೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿಯ ಕಸದ ದಿಬ್ಬಗಳಿಂದ ಗ್ರೆನ್‌ಫೆಲ್ ಮತ್ತು ಹಂಟ್ ಹೊರತೆಗೆದು 1903ರಲ್ಲಿ ಪ್ರಕಟಿಸಿದ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆ ಎಂದು ಮರುವರ್ಷವೇ ಹುಲ್ಟ್ಜ್‌ಷ್ ಸೂಚಿಸಿದನು. ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಮುಂತಾದವರು ಆ ಚರ್ಚೆಯನ್ನು ಬೆಳೆಸಿದರು. ಆ ಮಾತುಗಳು ಕನ್ನಡವೇ ಎಂಬ ವಿಚಾರದಲ್ಲಿ ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಆ ಚರ್ಚೆಗೆ ಆಧಾರವಾದ ಹಾಳೆ ಮತ್ತೆ ಮೆಡಿಟರೇನಿಯನ್ ಪ್ರದೇಶದ್ದೇ ಆಗಿದೆ. ನಮ್ಮ ಸಂಗತಿಗಳಿಗೆ ಅವರು ಸಾಕ್ಷಿ ನುಡಿಯುತ್ತಿದ್ದಾರೆ. ನಮ್ಮ ನೆಲದ ಸಾಕ್ಷಿಗಳು ಏನಾಗುತ್ತಿವೆ?

ಇದಕ್ಕೆ ಉತ್ತರ ಬೇಕಾದವರು ಬಾರಕೂರಿಗೆ ಹೋಗಬೇಕು. ಮೆಲ್ಕಾರಿನಿಂದ ಅದು ಎರಡು-ಮೂರು ತಾಸುಗಳ ದಾರಿ. ಉಡುಪಿಯನ್ನು ದಾಟಿ, ಬ್ರಹ್ಮಾವರದಲ್ಲಿ ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ಹೋದರೆ ಸೀತಾನದಿಯ ದಂಡೆಯಲ್ಲಿ, ತೆಂಗು-ಗದ್ದೆಗಳ ನಡುವೆ ಬಾರಕೂರು ಕಾಣುತ್ತದೆ. ಶಾಸನಗಳಲ್ಲಿ ಅದರ ಹೆಸರು ಬಾರಕನ್ಯಾಪುರ. ಅಳುಪರಿಗೆ ಅದು ರಾಜಧಾನಿ. ಹೊಯ್ಸಳ ಮೂರನೆಯ ವೀರಬಲ್ಲಾಳನ ರಾಣಿಯಾಗಿದ್ದ ಅಳುಪ ವಂಶದ ಚಿಕ್ಕಾಯಿ ತಾಯಿಯ ಹೆಸರು ಈ ಪ್ರದೇಶದ ಶಾಸನಗಳಲ್ಲಿ ಬರುತ್ತದೆ. ವಿಜಯನಗರದ ಕಾಲದಲ್ಲಿ ತುಳುನಾಡನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಗಿ ವಿಂಗಡಿಸಿ ಅಧಿಕಾರಿಗಳನ್ನು ನೇಮಿಸುತ್ತಿದ್ದರು. 1342ರ ಸುಮಾರಿಗೆ ಈ ದಾರಿಯಲ್ಲಿ ಬಂದ ಇಬ್ನ್ ಬತೂತನು ಇದನ್ನು ‘ಫಾಕನೂರ್’ ಎಂದು ಕರೆದು, ಅಳಿವೆಯ ಮೇಲಿನ ದೊಡ್ಡ ಊರೆಂದೂ, ಇಲ್ಲಿ ಕಬ್ಬು ಹೇರಳವೆಂದೂ, ಇಲ್ಲಿಯ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದುವೆಂದೂ ಬರೆದನು. ಹಾದುಹೋಗುವ ಹಡಗು ಇಲ್ಲಿ ಲಂಗರು ಹಾಕಿ ಕಾಣಿಕೆ ಕೊಡಲೇಬೇಕಾಗಿತ್ತು. ಅದಕ್ಕೆ ಬಂದರಿನ ಹಕ್ಕು ಎಂದು ಹೆಸರು. ಹದಿನಾರನೆಯ ಶತಮಾನದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ ಇದನ್ನು ‘ಬಾಕನೂರ್’ ಎಂದು ಕರೆದು, ಇಲ್ಲಿಂದಲೂ ನೆರೆಯ ಬಸರೂರಿನಿಂದಲೂ ಹೊರಡುವ ಅಕ್ಕಿಯ ಹಡಗುಗಳನ್ನು ವರ್ಣಿಸಿದ್ದಾನೆ.

ಇಂದು ಅಲ್ಲಿ ಹಡಗು ನಿಲ್ಲುವ ಸ್ಥಳವಿಲ್ಲ. ಆದರೆ ಊರು ತನ್ನ ಹಳೆಯ ನಗರದ ರೂಪವನ್ನು ಹೆಸರುಗಳಲ್ಲಿ ಹಿಡಿದಿಟ್ಟುಕೊಂಡಿದೆ. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಮುಂತಾದ ಕೇರಿಗಳೇ ಆ ರೂಪ. ಕೇರಿ ಎಂದರೆ ಇಲ್ಲಿ ಬೀದಿ ಮಾತ್ರವಲ್ಲ; ಶಾಸನಗಳ ಕಾಲದಲ್ಲಿ ಅವು ತಮ್ಮ ತಮ್ಮ ಜವಾಬ್ದಾರಿಯನ್ನು ಹೊತ್ತ ಜನಸಮೂಹಗಳು. ಕೋಟೆಕೇರಿಯಲ್ಲಿ ಪಂಚಲಿಂಗೇಶ್ವರನ ದೊಡ್ಡ ಗುಡಿಯಿದೆ. ಕೋಟೆಯಲ್ಲಿ ಅಡಿಪಾಯದ ಸಾಲುಗಳೂ ಕೊಳವೂ ಉಳಿದಿವೆ. ಕತ್ತಲೆ ಬಸದಿಯೆಂದು ಕರೆಯುವ ಸ್ಥಳದಲ್ಲಿ ಇಳಿಜಾರು ಕಲ್ಲಿನ ಮಾಡಿನ ಗುಡಿಗಳು, ಅಂಗಳದಲ್ಲಿ ನಿಂತ ಶಾಸನದ ಕಲ್ಲುಗಳು ಇವೆ. ಮಹದಿಯಾದ ಹೆಬ್ಬಾಗಿಲಿಗೂ ಬಾರಕೂರಿನ ಬಸದಿಗೂ ಕತ್ತಲೆಯ ಹೆಸರೇ ಬಂದಿರುವುದು ಕಾಕತಾಳೀಯ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಆ ಕತ್ತಲೆಯನ್ನು ದಾಟಿದರೆ ಜನ ಒಂದು ನಗರದೊಳಕ್ಕೆ ಹೋಗುತ್ತಾರೆ. ಇಲ್ಲಿ ಬಂದವರು ಒಂದು ಬಸದಿಯನ್ನು ನೋಡಿ, ಒಂದು ಗುಡಿಯಲ್ಲಿ ಕೈಮುಗಿದು, ನಗರವನ್ನು ಕಾಣದೆಯೇ ಹಿಂದಿರುಗುತ್ತಾರೆ.

ಹೀಗಾಗಲು ಕಾರಣ ನಮ್ಮ ನೋಟದಲ್ಲಿಯೇ ಇದೆ. ನಾವು ಸ್ಮಾರಕವನ್ನು ಬಿಡಿಬಿಡಿಯಾಗಿ ನೋಡಲು ಕಲಿತಿದ್ದೇವೆ. ಜೈನರು ಬಸದಿಯನ್ನು ನೋಡುತ್ತಾರೆ, ಶೈವ-ವೈಷ್ಣವರು ತಮ್ಮ ಗುಡಿಗಳನ್ನು ನೋಡುತ್ತಾರೆ. ಕಾಯಿದೆಯೂ ಬಿಡಿ ಕಟ್ಟಡವನ್ನೇ ನೋಡುತ್ತದೆ. 1958ರ ಕೇಂದ್ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕಲ್ಲಿನ ಸುತ್ತ ವೃತ್ತವನ್ನೆಳೆಯುವುದು ಕಾಯಿದೆಗೆ ಗೊತ್ತು. ಎರಡು ಕೇರಿಗಳ ನಡುವಿನ ಹಳೆಯ ಓಣಿ, ದೋಣಿಗಳು ನಿಲ್ಲುತ್ತಿದ್ದ ಹೊಳೆಯ ದಂಡೆ, ಮನೆಯ ಹಿತ್ತಲಲ್ಲಿ ಬಿದ್ದ ವೀರಗಲ್ಲು ಇವು ಆ ವೃತ್ತದ ಹೊರಗಿದ್ದರೆ ಅವನ್ನು ಕೇಳುವವರಿಲ್ಲ. ನಗರವೆಂಬುದಾದರೋ ಈ ನಡುವಿನ ಸ್ಥಳಗಳಲ್ಲಿಯೇ ಇರುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮವಾದ ವಿಷಯ. ಹೇಳಿದರೆ ಕೆಲವರಿಗೆ ನೋವಾಗಬಹುದು, ಆದರೂ ಹೇಳಬೇಕಾಗಿದೆ. ಕರಾವಳಿಯ ಹಳೆಯ ಕಟ್ಟಡಗಳಿಗೆ ಇಂದು ಶತ್ರುಗಳ ಭಯವಿಲ್ಲ, ಭಕ್ತರ ಉತ್ಸಾಹದ ಭಯವಿದೆ. ಕಳೆದ ಕೆಲವು ದಶಕಗಳಲ್ಲಿ ಎಷ್ಟೋ ಗುಡಿಗಳೂ ಬಸದಿಗಳೂ ಜೀರ್ಣೋದ್ಧಾರದ ಹೆಸರಿನಲ್ಲಿ ತಳಪಾಯದಿಂದ ಮೇಲೆ ಹೊಸದಾಗಿವೆ. ಮುರಕಲ್ಲಿನ ಹಳೆಯ ಗೋಡೆ ಹೋಗಿ ಹೊರಗಿನಿಂದ ತರಿಸಿದ ಶಿಲೆ ಬಂದಿದೆ. ಹಾಸುಗಲ್ಲು ಹೋಗಿ ಹೊಳೆಯುವ ನೆಲ ಬಂದಿದೆ. ಶಾಸನದ ಮೇಲೆ ಸುಣ್ಣವೋ ಬಣ್ಣವೋ ಸಿಮೆಂಟೋ ಕೂತಿದೆ. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ‘ಸುಮಾರು ಸಾವಿರ ವರ್ಷಗಳ ಇತಿಹಾಸವಿರುವ’ ಎಂದು ಅಚ್ಚಾಗಿರುತ್ತದೆ. ಆ ಸಾವಿರ ವರ್ಷಗಳಿಗೆ ಆಧಾರವಾಗಿದ್ದ ಕಲ್ಲು ಅದೇ ಹೊತ್ತಿಗೆ ಕೆರೆಯ ಏರಿಯ ಮೇಲೆ ಬಿದ್ದಿರುತ್ತದೆ.

ಆಡಳಿತ ಸಮಿತಿಗಳ ಕಡೆಯಿಂದ ಬರುವ ಉತ್ತರವೂ ನ್ಯಾಯವಾದದ್ದೇ. ದೇವಾಲಯ ವಸ್ತುಸಂಗ್ರಹಾಲಯವಲ್ಲ, ಪೂಜೆ ನಡೆಯುವ ಸ್ಥಳ. ತುಳುನಾಡಿನ ಮಳೆಗೆ ಮರದ ಮಾಡು ಕೊಳೆಯುತ್ತದೆ, ಗೋಡೆ ಕುಸಿಯುತ್ತದೆ. ಸೋರುವ ಗರ್ಭಗುಡಿಯಲ್ಲಿ ದೇವರನ್ನು ಇಡಲಾಗದು. ಇದನ್ನು ಅಲ್ಲಗಳೆಯುವವರು ಇಲ್ಲಿಯ ಆಷಾಢವನ್ನು ಕಾಣದವರು. ಮಾಡಿಗೆ ಹಂಚು ಹೊದಿಸಿ, ಮರವನ್ನು ಬದಲಿಸಿ, ಕಟ್ಟಡವನ್ನು ಉಳಿಸಿಕೊಂಡು ಬಂದ ಪರಂಪರೆಯೂ ನಮ್ಮದೇ. ಆದರೆ ಜೀರ್ಣವಾದುದನ್ನು ಉದ್ಧರಿಸುವುದು ಬೇರೆ, ಜೀರ್ಣವಾದುದನ್ನು ಕಿತ್ತೊಗೆಯುವುದು ಬೇರೆ. ಉದ್ಧಾರ ಎಂದರೆ ಮೇಲೆತ್ತುವುದು. ಬಿದ್ದವನನ್ನು ಮೇಲೆತ್ತುವ ಬದಲು ಅವನ ಸ್ಥಳದಲ್ಲಿ ಮತ್ತೊಬ್ಬನನ್ನು ತಂದು ನಿಲ್ಲಿಸಿದರೆ ಅದನ್ನು ಯಾರೂ ಉದ್ಧಾರವೆನ್ನುವುದಿಲ್ಲ.

ಎಸೆಯದಿರುವ ಅಭ್ಯಾಸ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವನ್ನೂ ದಾನಗಳಲ್ಲಿ ಎಣಿಸಿದ ಪರಂಪರೆ ಇದು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರ ಧವಲಾ ಟೀಕೆಯು ಬೇರೆಲ್ಲಿಯೂ ಉಳಿಯದೆ, ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡಬಿದಿರೆಯ ಭಂಡಾರದಲ್ಲಿ ಉಳಿಯಿತು. 1939ರಿಂದ ಮುಂದೆ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಗಿ ಲೋಕಕ್ಕೆ ದೊರೆಯಿತು. ನಡುವಿನ ಶತಮಾನಗಳಲ್ಲಿ ಅದನ್ನು ಓದಬಲ್ಲವರು ವಿರಳ. ಓದಲಾಗದಿದ್ದರೂ ಆ ಓಲೆಗಳನ್ನು ಜತನ ಮಾಡಿ, ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಪೂಜಿಸಿ, ಮತ್ತೆ ಬಟ್ಟೆ ಸುತ್ತಿಟ್ಟರು. ಕೈರೋದ ಕೋಣೆಗೂ ಮೂಡಬಿದಿರೆಯ ಭಂಡಾರಕ್ಕೂ ಇರುವ ಹೋಲಿಕೆ ಇದು: ಅರ್ಥ ತಿಳಿಯದಿದ್ದರೂ ಎಸೆಯಬಾರದು, ಮುಂದೆ ಬರುವವನಿಗೆ ತಿಳಿದೀತು ಎಂಬ ವಿನಯ. ಓಲೆಯ ವಿಷಯದಲ್ಲಿ ತೋರಿದ ಈ ವಿನಯವನ್ನು ಕಲ್ಲಿನ ವಿಷಯದಲ್ಲಿ ನಾವು ತೋರುತ್ತಿಲ್ಲ ಎಂಬುದೇ ನನ್ನ ಆಕ್ಷೇಪ.

ಕಲ್ಲು ಎಷ್ಟನ್ನು ಹೇಳಬಲ್ಲುದು ಎಂಬುದಕ್ಕೂ ಮೂಡಬಿದಿರೆಯಲ್ಲಿಯೇ ಉದಾಹರಣೆಯಿದೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಹೋದವರು ಕಂಬಗಳನ್ನು ಎಣಿಸುತ್ತಾರೆ, ಎದುರಿನ ಮಾನಸ್ತಂಭವನ್ನು ತಲೆಯೆತ್ತಿ ನೋಡುತ್ತಾರೆ. ಭೈರಾದೇವಿ ಮಂಟಪದ ಕೆಳಭಾಗದ ಉಬ್ಬುಕೆತ್ತನೆಗಳನ್ನು ಬಾಗಿ ನೋಡುವವರು ಕಡಮೆ. ಅಲ್ಲಿ ಆಫ್ರಿಕದ ಜಿರಾಫೆಯಿದೆ, ಚೀನದ ಹಾವಿನಂಥ ಮಕರವಿದೆ. ಸಹ್ಯಾದ್ರಿಯ ತಪ್ಪಲಿನ ಶಿಲ್ಪಿಗೆ ಇವು ಕಾಡಿನಲ್ಲಿ ಕಂಡ ಪ್ರಾಣಿಗಳಲ್ಲ. ಹಡಗಿನೊಡನೆ ಬಂದ ಸುದ್ದಿಯಿಂದಲೋ ಚಿತ್ರದಿಂದಲೋ ಅವನಿಗೆ ತಿಳಿದವು. ಬಾರಕೂರು, ಬಸರೂರು, ಮಂಗಳೂರುಗಳ ರೇವಿಗೆ ಬಂದ ಲೋಕವು ಒಳನಾಡಿನ ಬಸದಿಯ ಜಗಲಿಯವರೆಗೆ ನಡೆದು ಬಂದಿತ್ತು ಎಂಬುದಕ್ಕೆ ಬೆನ್ ಯಿಜುವಿನ ಕಾಗದದಷ್ಟೇ ಗಟ್ಟಿಯಾದ ಸಾಕ್ಷಿ ಅದು. ಯಾವುದೋ ನವೀಕರಣದಲ್ಲಿ ಆ ಜಗಲಿಯ ಕಲ್ಲುಗಳನ್ನು ‘ಹಳೆಯದಾಯಿತು’ ಎಂದು ಬದಲಿಸಿದ್ದರೆ ಆ ಸಾಕ್ಷಿ ಇಂದು ನಮ್ಮ ಮುಂದೆ ಇರುತ್ತಿರಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಕೋಟಿಗಟ್ಟಲೆ ಹಣದ ಯೋಜನೆಗಳನ್ನು ನಾನು ಕೇಳುತ್ತಿಲ್ಲ. ಮೊದಲನೆಯದಾಗಿ, ಯಾವ ಗುಡಿ-ಬಸದಿಯ ಕಲ್ಲನ್ನು ಕದಲಿಸುವ ಮೊದಲೂ ಅಲ್ಲಿಯ ಪ್ರತಿಯೊಂದು ಶಾಸನದ ಪಡಿಯಚ್ಚು ತೆಗೆಯಬೇಕು, ಪ್ರತಿಯೊಂದು ಗೋಡೆಯ ಛಾಯಾಚಿತ್ರ ತೆಗೆಯಬೇಕು. ಪಡಿಯಚ್ಚಿನ ವಿಧಾನ ಕಷ್ಟದ್ದಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಚ್ಚಿ, ಅಕ್ಷರದ ತಗ್ಗಿಗೆ ಕಾಗದ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿದರೆ ಅಕ್ಷರವು ಬಿಳಿಯಾಗಿ ಏಳುತ್ತದೆ. ಇದನ್ನು ಬಲ್ಲ ಶಾಸನತಜ್ಞರು ನಮ್ಮ ಜಿಲ್ಲೆಗಳಲ್ಲಿಯೇ ಇದ್ದಾರೆ. ಮೈಸೂರಿನಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗವೇ ಇದೆ. ಎರಡನೆಯದಾಗಿ, ತೆಗೆದ ಕಲ್ಲು ಆವರಣವನ್ನು ಬಿಟ್ಟು ಹೋಗಬಾರದು. ಗುಡಿಯ ಹಿಂಬದಿಯಲ್ಲಿ ಒಂದು ಮಾಡು ಕಟ್ಟಿ, ಯಾವ ಕಲ್ಲು ಎಲ್ಲಿತ್ತೆಂದು ಬರೆದು ನಿಲ್ಲಿಸಿದರೆ ಸಾಕು. ಬ್ರಹ್ಮಕಲಶದ ಒಂದು ದಿನದ ಚಪ್ಪರದ ವೆಚ್ಚದಲ್ಲಿ ಈ ಎರಡು ಕೆಲಸಗಳೂ ಆಗುತ್ತವೆ. ಮೂರನೆಯದಾಗಿ, ಬಾರಕೂರಿಗೆ ಒಂದು ನಕ್ಷೆ ಬೇಕು: ಹತ್ತು ಕೇರಿಗಳು, ಅವುಗಳ ನಡುವಿನ ದಾರಿಗಳು, ಕೋಟೆ, ಕೆರೆಗಳು, ಹೊಳೆಯ ರೇವು, ಶಾಸನಗಳಿರುವ ಸ್ಥಳ, ಪ್ರತಿಯೊಂದು ಶಾಸನದ ಎರಡು ಸಾಲಿನ ಸಾರಾಂಶ. ಪಿ. ಗುರುರಾಜ ಭಟ್ಟರು, ಕೆ. ವಿ. ರಮೇಶ್ ಅವರು ಆಧಾರ ಸಾಮಗ್ರಿಯನ್ನು ಅರ್ಧ ಶತಮಾನದ ಹಿಂದೆಯೇ ಒದಗಿಸಿದ್ದಾರೆ. ಅದನ್ನು ಊರಿನ ಪ್ರವೇಶದಲ್ಲಿ ಕನ್ನಡದ ಫಲಕವಾಗಿ ನಿಲ್ಲಿಸುವ ಕೆಲಸವಷ್ಟೇ ಬಾಕಿಯಿದೆ.

ಇದು ಆಗದ ಕೆಲಸವಲ್ಲವೆಂಬುದಕ್ಕೆ ನಮ್ಮ ಬಂಟ್ವಾಳವೇ ಸಾಕ್ಷಿ. ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿ ತುಳುವರ ಅಡಿಗೆಮನೆಯ, ಗದ್ದೆಯ, ಅಂಗಡಿಯ ಹಳೆಯ ವಸ್ತುಗಳು ಇಂದು ಗೌರವದಿಂದ ಕುಳಿತಿವೆ. ಜನರು ಗುಜರಿಗೆ ಹಾಕಲಿದ್ದ ವಸ್ತುಗಳನ್ನು ಇತಿಹಾಸವೆಂದು ಕಂಡ ಕಣ್ಣು ಅಲ್ಲಿ ಕೆಲಸ ಮಾಡಿದೆ. ಹಿಂದೆ ನೇತ್ರಾವತಿಯ ಮೇಲೆ ಬಂಟ್ವಾಳದಿಂದ ಮಂಗಳೂರಿಗೆ ಸರಕಿನ ದೋಣಿಗಳು ಇಳಿಯುತ್ತಿದ್ದ ಕಾಲವನ್ನು ಇಲ್ಲಿಯ ಹಿರಿಯರು ಕೇಳಿ ಬಲ್ಲರು. ಆ ದೋಣಿಯ ಲೆಕ್ಕದ ಪುಸ್ತಕ ಯಾರದಾದರೂ ಮನೆಯ ಅಟ್ಟದ ಮೇಲೆ ಗೆದ್ದಲಿಗೆ ಕಾದಿದ್ದರೆ, ದಯವಿಟ್ಟು ಅದನ್ನು ಕೆಳಗಿಳಿಸಿ ಬಿಸಿಲಿಗೆ ಒಡ್ಡಿ.

ವಿದೇಶದ ಪ್ರಾಚೀನ ನಗರಗಳನ್ನು ನೋಡಿ ಬಂದವರು ‘ಅವರು ಹೇಗೆ ಇಟ್ಟುಕೊಂಡಿದ್ದಾರೆ, ನಾವು ಹೇಗೆ ಇಟ್ಟುಕೊಂಡಿದ್ದೇವೆ’ ಎಂದು ನಿಟ್ಟುಸಿರು ಬಿಡುವುದು ವಾಡಿಕೆ. ಆ ನಿಟ್ಟುಸಿರಿನಲ್ಲಿ ನನಗೆ ನಂಬಿಕೆಯಿಲ್ಲ. ಮಹದಿಯಾದ ಕೋಟೆಯ ಗೋಡೆಗಳನ್ನು 1554ರಲ್ಲಿ ಸ್ಪೇನಿನವರು ಸಿಡಿಸಿದರು. ಅಲೆಕ್ಸಾಂಡ್ರಿಯಾದ ದೀಪಸ್ತಂಭ ಭೂಕಂಪಕ್ಕೆ ಬಿದ್ದುಹೋಯಿತು. ಹಾಳಾಗದ ನಗರ ಲೋಕದಲ್ಲಿಲ್ಲ. ಉಳಿದುದನ್ನು ಉಳಿದುದೆಂದು ಗುರುತಿಸುವವರಿದ್ದಾರೆಯೇ ಎಂಬುದಷ್ಟೇ ಊರು ಊರಿಗೆ ಇರುವ ಅಂತರ. ಮಹದಿಯಾದವನೊಬ್ಬನು ನಮ್ಮ ಬೊಮ್ಮನ ಹೆಸರನ್ನು ಕಾಗದದಲ್ಲಿ ಬರೆಸಿ ಉಳಿಸಿದನು. ಅವನ ಜನರು ಅದನ್ನು ಎಸೆಯದೆ ಇಟ್ಟರು. ಬಾರಕೂರಿನ ಅಂಗಳದಲ್ಲಿ ನಿಂತ ಕಲ್ಲುಗಳಲ್ಲಿ ಇನ್ನೆಷ್ಟು ಹೆಸರುಗಳಿವೆಯೋ, ಅವು ನಮ್ಮ ಪಾಲಿನ ಹೊಣೆ. ಅವನ್ನು ಓದಲು ಬಾರದಿದ್ದರೂ ಚಿಂತೆಯಿಲ್ಲ. ಓದಬಲ್ಲವರು ಬರುವವರೆಗೆ ಅವು ನಿಂತಲ್ಲಿಯೇ ನಿಂತಿರಲಿ.